ಮಣ್ಣು ತುಂಬಿದ ಕೊಳ

(ಹುಣ್ಣಿಮೆಯ ಅನುಭಾವ ಗೋಷ್ಠಿಯಲ್ಲಿ ಪೂಜ್ಯರು ದಯಪಾಲಿಸಿದ ಆಶೀರ್ವಚನ)



ಕಳೆದ ಹುಣ್ಣಿಮೆಗೆ ಗೋಷ್ಠಿ ಮುಗಿದು ಪ್ರಸಾದವಾದ ಮೇಲೆ ಜತ್ತ ಕಡೆಯ ನಿವೃತ್ತ ಮಾಸ್ತರರೊಬ್ಬರು ನಮ್ಮ ಹತ್ತಿರ ಬಂದು ಕುಳಿತರು. ಅವರ ಮಗ ಅಮೆರಿಕದಲ್ಲಿ ಇಂಜಿನಿಯರ್. ವಾರಕ್ಕೊಮ್ಮೆ ಫೋನು ಮಾಡುತ್ತಾನೆ. ಮಾಸ್ತರರು ಕೇಳಿದರು: “ಅಪ್ಪಾರ, ಅಲ್ಲಿ ದೇಶ ಎರಡು ಹೋಳಾಗೇದಂತ್ರಿ. ಒಂದು ಪಕ್ಷದವ್ರು ಇನ್ನೊಂದು ಪಕ್ಷದವ್ರ ಮಾರಿ ನೋಡಂಗಿಲ್ಲಂತ. ಎಲ್ಲಾ ಆ ಕರೇ ಮಂದಿ ಗದ್ದಲದಿಂದ ಆಗೇದ, ಕಾನೂನು ಕೊಟ್ಟು ಅರವತ್ತು ವರ್ಷ ಆತು, ಇನ್ನೂ ಏನು ಬೇಕಾಗೇದ ಅವ್ರಿಗೆ ಅಂತಾನ ನನ್ನ ಮಗ. ಖರೇ ಏನ್ರಿ?”

ನಾವು ಅಂದೆವು: “ಮಾಸ್ತರ್ರ, ಇದಕ್ಕ ನಿಂತ ಕಾಲಮ್ಯಾಲೆ ಉತ್ತರಾ ಹೇಳಾಕ ಬರಂಗಿಲ್ಲ. ಮುಂದಿನ ಹುಣ್ಣಿಮಿಗೆ ಬರ್ರಿ, ಎಲ್ಲಾರೂ ಕೂಡಿ ವಿಚಾರ ಮಾಡೂಣು.” ಇವತ್ತು ಬಂದಿದ್ದಾರೆ, ಮುಂದೆಯೇ ಕುಳಿತಿದ್ದಾರೆ. ಇದು ಅವರೊಬ್ಬರ ಪ್ರಶ್ನೆಯಲ್ಲ. ಈ ಸಭೆಯಲ್ಲಿ ಎಷ್ಟೋ ಮನೆಗಳ ಮಕ್ಕಳು ಆ ದೇಶದಲ್ಲಿದ್ದಾರೆ.

ಮೊದಲಿಗೆ ಆ ಹುಡುಗ ಅಲ್ಲಿಗೆ ಹೇಗೆ ಹೋದ ಎಂಬುದನ್ನು ನೋಡೋಣ. ವಿಮಾನದಲ್ಲಿ ಹೋದ, ಅದು ಸರಿ. ಬಾಗಿಲು ತೆಗೆದವರು ಯಾರು? 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನವರು ಅಮೆರಿಕದ ನಾಗರಿಕತ್ವಕ್ಕಾಗಿ ಅಲ್ಲಿಯ ಸುಪ್ರೀಂ ಕೋರ್ಟಿನವರೆಗೆ ಹೋದರು. ಅವರ ಪರವಾದ ವಾದವೇನು ಗೊತ್ತೇ? ಎಲ್ಲರಿಗೂ ಸಮಾನ ಹಕ್ಕು ಕೊಡಿ ಎಂಬುದಲ್ಲ. ಇವರು ಉಚ್ಚ ಕುಲದ ಆರ್ಯರು, ಆದ್ದರಿಂದ ಇವರೂ ಬಿಳಿಯರೇ ಎಂಬುದು. ಕೋರ್ಟು ಒಪ್ಪಲಿಲ್ಲ. ಹಿಂದುಸ್ಥಾನದವರು ಬಿಳಿಯರಲ್ಲ ಎಂದು ತೀರ್ಪು ಕೊಟ್ಟಿತು. 1946ರಲ್ಲಿ ಸ್ವಲ್ಪ ದಯೆ ಬಂದು ನಾಗರಿಕರಾಗಲು ಅವಕಾಶವಾಯಿತು. ಆದರೆ ಇಡೀ ನಮ್ಮ ದೇಶದಿಂದ ವರ್ಷಕ್ಕೆ ಸುಮಾರು 100 ಜನ ಮಾತ್ರ ಹೋಗಿ ನೆಲೆಸಬಹುದಾಗಿತ್ತು. ಆ ಬೇಲಿ ಕಿತ್ತದ್ದು 1965ರ ಅಕ್ಟೋಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ವಲಸೆ ಕಾನೂನಿನಿಂದ. ಅದೇ ವರ್ಷ ಮಾರ್ಚಿನಲ್ಲಿ ಸೆಲ್ಮಾ ಎಂಬ ಊರಿನ ಸೇತುವೆಯ ಮೇಲೆ ಕಪ್ಪು ಜನ ಮತದ ಹಕ್ಕು ಕೇಳಿ ಪೋಲೀಸರ ಲಾಠಿಯಿಂದ ತಲೆ ಒಡೆಸಿಕೊಂಡಿದ್ದರು. ಜನಾಂಗ ನೋಡಿ ಮನುಷ್ಯರನ್ನು ಅಳೆಯುವುದು ನಾಚಿಕೆಗೇಡು ಎಂಬ ಭಾವನೆಯನ್ನು ಆ ದೇಶದ ಸಂಸತ್ತಿನಲ್ಲಿ ಹುಟ್ಟಿಸಿದವರು ಅವರು. ಮಾಸ್ತರರ ಮಗ ‘ಗದ್ದಲ’ ಎನ್ನುವುದು ಅವನ ವೀಸಾದ ಬೇರು. ಇದನ್ನು ಅವನ ಮೇಲಿನ ಸಿಟ್ಟಿನಿಂದ ಹೇಳುತ್ತಿಲ್ಲ. ಋಣ ಗೊತ್ತಿರಲಿ ಎಂದು ಹೇಳುತ್ತಿದ್ದೇವೆ.

ಇನ್ನು ದೇಶ ಹೋಳಾದ ಮಾತು. ಗುಲಾಮಗಿರಿ 1865ರಲ್ಲಿ ರದ್ದಾಯಿತು. 1870ರಲ್ಲಿ ಬಣ್ಣ ನೋಡದೆ ಗಂಡಸರಿಗೆ ಮತದ ಹಕ್ಕು ಬಂದಿತು. ಕಾಗದದ ಮೇಲೆ ಎಲ್ಲವೂ ಮುಗಿದಿತ್ತು. ಆದರೆ 1877ರಲ್ಲಿ ಕೇಂದ್ರದ ಸೈನ್ಯ ಹಿಂದೆ ಸರಿದ ಮೇಲೆ ದಕ್ಷಿಣದ ರಾಜ್ಯಗಳ ಜಮೀನುದಾರರು ಮತ್ತೆ ಹಿಡಿತ ಸಾಧಿಸಿದರು. ನಡುವೆ 1890ರ ದಶಕದಲ್ಲಿ ಒಂದು ವಿಶೇಷ ನಡೆಯಿತು. ಹತ್ತಿಯ ಬೆಲೆ ಬಿದ್ದು ಸಾಲದಲ್ಲಿ ಮುಳುಗಿದ ಬಡ ಬಿಳಿಯ ರೈತರೂ ಕಪ್ಪು ರೈತರೂ ಕೆಲವು ಕಡೆ ಒಂದೇ ಚಳವಳಿಯಲ್ಲಿ ಕೂಡತೊಡಗಿದರು. ಸಾಲದ ವಿಷಯ ನಮ್ಮ ಒಣ ಬೇಸಾಯದ ಸೀಮೆಗೆ ಬಿಡಿಸಿ ಹೇಳಬೇಕಾಗಿಲ್ಲ. ಆಗ ಮೇಲಿನವರಿಗೆ ನಡುಕ ಬಂತು. ಬಡ ಬಿಳಿಯನ ಕಿವಿಯಲ್ಲಿ ಒಂದು ಮಾತು ಊದಿದರು: ನೀನು ಬಡವನಿರಬಹುದು, ಆದರೆ ಕರಿಯನಿಗಿಂತ ಮೇಲು. ಜೊತೆಗೆ ಮತ ಹಾಕಲು ತಲೆಗಂದಾಯ ಕಟ್ಟಬೇಕು, ಓದಿ ಅರ್ಥ ಹೇಳಬೇಕು ಎಂಬ ನಿಯಮ ತಂದರು. ಲೂಯಿಸಿಯಾನಾ ರಾಜ್ಯದಲ್ಲಿ 1896ರಲ್ಲಿ 1,30,000ದಷ್ಟಿದ್ದ ಕಪ್ಪು ಮತದಾರರು 1904ಕ್ಕೆ ಸುಮಾರು 1,300 ಆದರು. ತಲೆಗಂದಾಯ ಕಟ್ಟಲಾರದೆ ಎಷ್ಟೋ ಬಡ ಬಿಳಿಯರ ಮತವೂ ಹೋಯಿತು. ಆದರೆ ‘ಮೇಲು’ ಎಂಬ ಮಾತು ಅವರ ಕೈಯಲ್ಲಿ ಉಳಿಯಿತಲ್ಲ, ಅದನ್ನೇ ಉಂಡು ಮಲಗಿದರು. 1965ರಲ್ಲಿ ಮಾಂಟ್ಗೊಮರಿಯ ಭಾಷಣದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಈ ಇತಿಹಾಸವನ್ನೇ ಬಿಡಿಸಿ ಹೇಳಿದ್ದರು.

ಮಾಂಟ್ಗೊಮರಿ ಎಂದೆವಲ್ಲ, ಆ ಊರಿನ ಎರಡು ಸಂಗತಿ ಕೇಳಿ. ಒಂದು ನಿಮ್ಮಲ್ಲಿ ಹಲವರಿಗೆ ಗೊತ್ತು. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ತಾಯಿ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡಲಿಲ್ಲ. ಆಕೆಯ ಬಂಧನವಾಯಿತು. ಊರಿನ ಕಪ್ಪು ಜನ 381 ದಿನ ಬಸ್ಸು ಹತ್ತಲಿಲ್ಲ. ಅಡಿಗೆ ಮಾಡುವ ಹೆಂಗಸರು, ಕಸಬರಿಗೆ ಹಿಡಿಯುವ ಮುದುಕಿಯರು ಮೈಲುಗಟ್ಟಲೆ ನಡೆದು ಕೆಲಸಕ್ಕೆ ಹೋದರು. ಕಡೆಗೆ ಗೆದ್ದರು. ಆ ಹೋರಾಟಕ್ಕೆ ಮುಂದಾಳಾದಾಗ ಕಿಂಗ್ ಅವರಿಗೆ 26 ವರ್ಷ.

ಎರಡನೆಯದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಅದೇ ಊರಿನಲ್ಲಿ ಓಕ್ ಪಾರ್ಕ್ ಎಂಬ ದೊಡ್ಡ ಉದ್ಯಾನ, ಅದರಲ್ಲಿ ಈಜುಕೊಳ. ಸರಕಾರಿ ದುಡ್ಡಿನಿಂದ ಕಟ್ಟಿದ್ದು, ಆದರೆ ಬಿಳಿಯರಿಗೆ ಮಾತ್ರ. ಕಪ್ಪು ಜನ ನ್ಯಾಯಾಲಯಕ್ಕೆ ಹೋದರು. ತೆರಿಗೆ ನಾವೂ ಕಟ್ಟುತ್ತೇವೆ, ನಮಗೂ ಪ್ರವೇಶ ಬೇಕು ಎಂದರು. ನಗರದ ಆಡಳಿತ ಏನು ಮಾಡಿರಬಹುದು? ಒಳಗೆ ಬಿಟ್ಟಿತೇ? ಇಲ್ಲ. 1959ರ ಜನವರಿ 1ರಂದು ಊರಿನ ಎಲ್ಲ ಉದ್ಯಾನಗಳನ್ನೂ ಮುಚ್ಚಿತು. ಈಜುಕೊಳದ ನೀರು ಬಸಿದು ಅದಕ್ಕೆ ಮಣ್ಣು ತುಂಬಿತು. 1965ರಲ್ಲಿ ಉದ್ಯಾನ ಮತ್ತೆ ತೆರೆದಾಗ ಕೊಳ ಇರಲಿಲ್ಲ. ಕಪ್ಪು ಮಕ್ಕಳು ಮುಂಚೆಯೂ ಅದರಲ್ಲಿ ಈಜಿರಲಿಲ್ಲ. ಕಳೆದುಕೊಂಡವರು ಯಾರು? ಬಿಳಿಯರ ಮಕ್ಕಳು! ಹಣವಿದ್ದ ಬಿಳಿಯರು ಖಾಸಗಿ ಕ್ಲಬ್ಬುಗಳಿಗೆ ಹೋದರು. ಬಡ ಬಿಳಿಯರ ಮಕ್ಕಳು ಬೇಸಿಗೆಯಲ್ಲಿ ಅಂಗಳದಲ್ಲಿ ಕುಳಿತರು. ಮಿಸಿಸಿಪ್ಪಿಯ ಜಾಕ್ಸನ್ ನಗರವೂ ಹೀಗೆಯೇ ಕೊಳ ಮುಚ್ಚಿತು. 1971ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರಂತೆ, ಎಲ್ಲರಿಗೂ ಮುಚ್ಚಿದ ಮೇಲೆ ತಾರತಮ್ಯವೆಲ್ಲಿ ಎಂದು ಅದನ್ನು ಎತ್ತಿ ಹಿಡಿಯಿತು.

ಶಾಲೆಯನ್ನೂ ಬಿಡಲಿಲ್ಲ. ಕಪ್ಪು ಮಕ್ಕಳಿಗೂ ಬಿಳಿ ಮಕ್ಕಳಿಗೂ ಬೇರೆ ಬೇರೆ ಶಾಲೆ ಇರಕೂಡದೆಂದು 1954ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಎಂಬ ಜಿಲ್ಲೆ ಅದನ್ನು ಪಾಲಿಸುವ ಬದಲು 1959ರಲ್ಲಿ ಸರಕಾರಿ ಶಾಲೆಗಳನ್ನೆಲ್ಲ ಬಂದ್ ಮಾಡಿತು. ಐದು ವರ್ಷ! ಬಿಳಿಯರಿಗೆ ಖಾಸಗಿ ಶಾಲೆ ಎದ್ದಿತು. ಸಾವಿರಕ್ಕೂ ಹೆಚ್ಚು ಕಪ್ಪು ಮಕ್ಕಳ ಪಾಟಿ ಪುಸ್ತಕ ನಿಂತವು. ಮಾಸ್ತರರೇ, ನೀವು ಜೀವಮಾನವೆಲ್ಲ ಮಕ್ಕಳಿಗೆ ಅಕ್ಷರ ಹೇಳಿದವರು. ಏಳು ವರ್ಷದ ಕೂಸು ಐದು ವರ್ಷ ಶಾಲೆ ಕಾಣದಿದ್ದರೆ ಏನಾಗುತ್ತದೆ ಎಂಬುದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು.

ಈಗ ರಾಜಕೀಯಕ್ಕೆ ಬರೋಣ. ಮಠದಲ್ಲಿ ಪಕ್ಷದ ಮಾತು ಬೇಡ ಎನ್ನುವವರು ನಾವೇ. ಆದರೂ ದೂರದ ದೇಶದ್ದಾದ್ದರಿಂದ ಯಾರಿಗೂ ನೋವಾಗಲಿಕ್ಕಿಲ್ಲ. ಅಲ್ಲಿ ಎರಡು ಪಕ್ಷ. ಗುಲಾಮರನ್ನು ಬಿಡಿಸಿದ ಲಿಂಕನ್ ರಿಪಬ್ಲಿಕನ್. ದಕ್ಷಿಣದ ಬಿಳಿಯರ ಕೋಟೆಯಾಗಿದ್ದದ್ದು ಡೆಮಾಕ್ರಟಿಕ್ ಪಕ್ಷ. ಈಗಿನವರಿಗೆ ಇದು ತಿರುವು ಮುರುವಾಗಿ ಕಾಣುತ್ತದೆ. 1950ರ ಸುಮಾರಿಗೆ ಎರಡೂ ಪಕ್ಷಗಳಲ್ಲಿ ಎಲ್ಲ ತರದವರೂ ಇದ್ದರು. ಆ ವರ್ಷ ಅಲ್ಲಿಯ ರಾಜ್ಯಶಾಸ್ತ್ರದ ವಿದ್ವಾಂಸರು ವರದಿ ಬರೆದು, ಎರಡು ಪಕ್ಷಗಳ ನಡುವೆ ಸಾಕಷ್ಟು ವ್ಯತ್ಯಾಸವೇ ಇಲ್ಲವೆಂದು ದೂರಿದ್ದರು! ಬೇಡಿದ್ದು ಬೇಡಿದ್ದಕ್ಕಿಂತ ಹೆಚ್ಚಾಗಿ ದೊರೆಯಿತು ಅನ್ನಬೇಕು.

1964ರ ನಾಗರಿಕ ಹಕ್ಕುಗಳ ಕಾನೂನು ಸೆನೆಟ್ಟಿನಲ್ಲಿ 73 ಮತಕ್ಕೆ 27ರಂತೆ ಪಾಸಾಯಿತು. 33 ರಿಪಬ್ಲಿಕನ್ನರಲ್ಲಿ 27 ಜನ ಪರವಾಗಿದ್ದರು. ವಿರೋಧಿಸಿದ ಆರು ಜನರಲ್ಲಿ ಒಬ್ಬರು ಬ್ಯಾರಿ ಗೋಲ್ಡ್‌ವಾಟರ್. ಅದೇ ವರ್ಷದ ಅಧ್ಯಕ್ಷ ಚುನಾವಣೆಗೆ ರಿಪಬ್ಲಿಕನ್ ಪಕ್ಷ ಅವರನ್ನೇ ನಿಲ್ಲಿಸಿತು. ದೇಶದ ತುಂಬ ಸೋತರು. ಗೆದ್ದದ್ದು ತಮ್ಮ ಸ್ವಂತ ರಾಜ್ಯ ಆರಿಜೋನಾ, ಮತ್ತೆ ದಕ್ಷಿಣದ ಐದು ರಾಜ್ಯ. ಮಿಸಿಸಿಪ್ಪಿಯಲ್ಲಿ ಅವರಿಗೆ ಶೇಕಡಾ 87 ಮತ. ಆ ಐದು ರಾಜ್ಯಗಳ ಮೇಲೆ ರಾಜಕಾರಣಿಗಳ ಕಣ್ಣು ಬಿತ್ತು. 1968ರಲ್ಲಿ ಬೇರ್ಪಡಿಕೆ ಎಂದೆಂದಿಗೂ ಇರಲಿ ಎನ್ನುತ್ತಿದ್ದ ಜಾರ್ಜ್ ವಾಲೇಸ್ ಮೂರನೆಯ ಪಕ್ಷದಿಂದ ನಿಂತು ಐದು ರಾಜ್ಯ ಗೆದ್ದರು. ಅಂಥ ಮತದಾರರನ್ನು ಸೆಳೆಯಲು ನಿಕ್ಸನ್ ಪಕ್ಷ ಬಣ್ಣದ ಹೆಸರು ಎತ್ತದೆ ಬಣ್ಣದ ಭಯವನ್ನು ಮುಟ್ಟುವ ಮಾತು ಕಲಿಯಿತು. ‘ಶಿಸ್ತು, ಶಾಂತಿ, ರಾಜ್ಯಗಳ ಹಕ್ಕು’ ಎಂಬ ಮಾತುಗಳು. ಇತ್ತ 1965ರ ಮತದಾನದ ಕಾನೂನಿನಿಂದ ಮಿಸಿಸಿಪ್ಪಿಯಲ್ಲಿ ಶೇಕಡಾ 7ರಷ್ಟಿದ್ದ ಕಪ್ಪು ಮತದಾರರ ನೋಂದಣಿ 1967ಕ್ಕೆ ಶೇಕಡಾ 60ರ ಹತ್ತಿರ ಬಂದಿತು. ಅವರು ಡೆಮಾಕ್ರಟಿಕ್ ಪಕ್ಷಕ್ಕೆ ಬಂದರು, ಬಿಳಿಯರು ಮೆಲ್ಲನೆ ಆ ಪಕ್ಷ ಬಿಟ್ಟರು. 1994ರಲ್ಲಿ ದಕ್ಷಿಣದ ಸಂಸತ್ ಸ್ಥಾನಗಳಲ್ಲಿ ಹೆಚ್ಚಿನವು ರಿಪಬ್ಲಿಕನ್ನರ ಪಾಲಾದವು. ಮೂವತ್ತು ವರ್ಷ ಹಿಡಿಯಿತು ನೋಡಿ. ಒಂದು ದಿನದಲ್ಲಿ ಮನೆ ಒಡೆಯುವುದಿಲ್ಲ.

ಅಂದರೆ ಮಾಸ್ತರರ ಮಗನ ಮಾತಿನಲ್ಲಿ ಅರ್ಧ ಸತ್ಯವಿದೆ. ಚಳವಳಿಯೇ ಪಕ್ಷಗಳನ್ನು ಅಲುಗಾಡಿಸಿತು. ಉಳಿದರ್ಧವೇನೆಂದರೆ, ಒಂದು ಚಳವಳಿ ಗೆದ್ದಾಗ ಅದಕ್ಕೆದುರಾಗಿ ಮತ್ತೊಂದು ಚಳವಳಿ ಎದ್ದಿತು. ಆ ಎರಡನೆಯದಕ್ಕೆ ಒಂದು ಪಕ್ಷ ತನ್ನ ಮನೆಯ ಬಾಗಿಲು ತೆಗೆಯಿತು. ಬರೀ ಮೊದಲನೆಯದನ್ನು ಗದ್ದಲ ಎನ್ನುವುದು ಯಾವ ನ್ಯಾಯ? 1968ರ ನಂತರ ಅಭ್ಯರ್ಥಿಗಳನ್ನು ಆರಿಸುವ ಪದ್ಧತಿಯೂ ಬದಲಾಯಿತು. ಮುಖಂಡರು ಒಳಗೆ ಕುಳಿತು ಆರಿಸುವುದು ಹೋಗಿ ಪಕ್ಷದ ಬೆಂಬಲಿಗರೇ ಮತ ಹಾಕಿ ಆರಿಸುವುದು ಬಂತು. ಕೇಳಲು ಚೆಂದ. ಆದರೆ ಅಂಥ ಚುನಾವಣೆಗೆ ಬರುವವರು ಕಡಿಮೆ, ಬರುವವರಲ್ಲಿ ರಕ್ತ ಬಿಸಿಯಾದವರೇ ಹೆಚ್ಚು. ಅವರಿಗೆ ಹೆದರಿ ನಡುವಿನವರು ಅಂಚಿಗೆ ಸರಿದರು.

ಇದರ ಫಲ ಎಲ್ಲಿಗೆ ಬಂತೆಂದರೆ ಬೀಗತನದವರೆಗೆ! ನಮ್ಮಲ್ಲಿ ಯಾವ ಭೇದ ಎಷ್ಟು ಆಳಕ್ಕಿದೆ ಎಂದು ತಿಳಿಯಬೇಕಾದರೆ ಮದುವೆಯ ಮಾತು ತೆಗೆಯಬೇಕು. ಅಲ್ಲಿಯೂ ಹಾಗೆಯೇ. 1958ರಲ್ಲಿ ಕಪ್ಪು-ಬಿಳಿಯರ ಮದುವೆ ಒಪ್ಪುತ್ತೇವೆ ಎಂದವರು ನೂರಕ್ಕೆ ನಾಲ್ಕು ಜನ. 2021ರಲ್ಲಿ ನೂರಕ್ಕೆ 94 ಜನ. ಎಂಥ ಸಂತೋಷದ ಸುದ್ದಿ! ಆದರೆ ಇನ್ನೊಂದು ಲೆಕ್ಕ ನೋಡಿ. ನಿಮ್ಮ ಮಗನೋ ಮಗಳೋ ಎದುರು ಪಕ್ಷದವರ ಮನೆಗೆ ಮದುವೆಯಾದರೆ ಬೇಸರವೇ ಎಂದು 1960ರಲ್ಲಿ ಕೇಳಿದಾಗ ಬೇಸರ ಎಂದವರು ನೂರಕ್ಕೆ ಐದು ಜನ. 2010ರಲ್ಲಿ ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧ, ಡೆಮಾಕ್ರಟರಲ್ಲಿ ಮೂರರಲ್ಲೊಂದು ಪಾಲು. ಪಕ್ಷವೇ ಒಂದು ಕುಲವಾಗಿಬಿಟ್ಟಿತು. ಕಲ್ಯಾಣದಲ್ಲಿ ಹರಳಯ್ಯ ಮಧುವರಸರ ಮನೆಗಳ ನಡುವೆ ನಡೆದ ಒಂದು ಮದುವೆಗೆ ರಾಜ್ಯವೇ ಹೇಗೆ ಉರಿಯಿತು, ಶರಣರು ದಿಕ್ಕಾಪಾಲಾಗಿ ಹೇಗೆ ಉಳವಿಯ ಕಡೆ ನಡೆದರು ಎಂಬ ಕಥೆ ಈ ಸಭೆಗೆ ಹೇಳಬೇಕಾಗಿಲ್ಲ. ಸಮಾನತೆ ಮಾತಿನಲ್ಲಿದ್ದಷ್ಟು ಕಾಲ ಬಿಜ್ಜಳನ ಆಸ್ಥಾನ ಸಹಿಸಿತ್ತು.

ಇನ್ನು ಬಡತನ ಸಿರಿತನದ ಲೆಕ್ಕ. ಅಲ್ಲಿಯ ಅತಿ ಶ್ರೀಮಂತರ ವರಮಾನದ ಮೇಲಿನ ಗರಿಷ್ಠ ತೆರಿಗೆ ದರ 1963ರವರೆಗೆ ನೂರಕ್ಕೆ 91 ಇತ್ತು. 1988ಕ್ಕೆ ನೂರಕ್ಕೆ 28 ಆಯಿತು. ಮೇಲಿನ ನೂರಕ್ಕೊಬ್ಬರ ಕೈಗೆ 1970ರ ದಶಕದಲ್ಲಿ ದೇಶದ ವರಮಾನದ ಹತ್ತರಲ್ಲೊಂದು ಪಾಲು ಹೋಗುತ್ತಿತ್ತು. ನಲವತ್ತು ವರ್ಷಗಳಲ್ಲಿ ಅದು ಸುಮಾರು ಐದರಲ್ಲೊಂದು ಪಾಲಾಯಿತು. ಕೇಂದ್ರ ಸರಕಾರದ ಕನಿಷ್ಠ ಕೂಲಿ 2009ರಲ್ಲಿ ಗಂಟೆಗೆ 7.25 ಡಾಲರ್ ಆದದ್ದು ಹದಿನೈದು ವರ್ಷ ಕಳೆದರೂ ಒಂದು ಪೈಸೆ ಏರಲಿಲ್ಲ. ಇದಕ್ಕೆಲ್ಲ ಬಣ್ಣವೊಂದೇ ಕಾರಣ ಎಂದರೆ ಸುಳ್ಳಾದೀತು. ಕಾರಖಾನೆಗಳು ಮುಚ್ಚಿದವು, ಕಾರ್ಮಿಕ ಸಂಘಗಳು ಸೊರಗಿದವು, ಯಂತ್ರಗಳು ಬಂದವು. ಆದರೆ ಬಡವರಿಗೆ ಏನಾದರೂ ಕೊಡೋಣ ಎಂಬ ಮಾತು ಎದ್ದಾಗಲೆಲ್ಲ ಅದು ಕರಿಯರ ಪಾಲಾಗುತ್ತದೆ ಎಂಬ ಪಿಸುಮಾತೂ ಏಳುತ್ತಿತ್ತು. ಬಡವರ ಸರಕಾರಿ ವೈದ್ಯಕೀಯ ವಿಮೆಯನ್ನು ಹಿಗ್ಗಿಸಲು, ಹತ್ತರಲ್ಲಿ ಒಂಬತ್ತು ಪಾಲು ಖರ್ಚು ಕೇಂದ್ರವೇ ಕೊಡುತ್ತೇನೆಂದರೂ ಮಿಸಿಸಿಪ್ಪಿ, ಅಲಬಾಮಾ, ಟೆಕ್ಸಾಸ್ ರಾಜ್ಯಗಳು ಹತ್ತು ವರ್ಷ ಕಳೆದರೂ ಒಪ್ಪಲಿಲ್ಲ. ಖರ್ಚಿನ ಕಾರಣ ಹೇಳಿದರು. ಔಷಧವಿಲ್ಲದೆ ಉಳಿದವರಲ್ಲಿ ಎರಡೂ ಬಣ್ಣದವರಿದ್ದಾರೆ. ಓಕ್ ಪಾರ್ಕಿನ ಕೊಳ ನೆನಪಿಗೆ ಬರುವುದಿಲ್ಲವೇ?

ಕಪ್ಪು ಜನರ ಪಾಡು ಮಾತ್ರ ಬಿಳಿ ಬಡವರಿಗಿಂತ ಭಾರವಾದದ್ದೇ. 1935ರಲ್ಲಿ ವೃದ್ಧಾಪ್ಯ ವೇತನದ ಕಾನೂನು ಬಂದಾಗ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿದ್ದರು. ಕಪ್ಪು ಜನರಲ್ಲಿ ಹೆಚ್ಚಿನವರು ಮಾಡುತ್ತಿದ್ದದ್ದು ಅವೇ ಕೆಲಸ. ತಲೆಮಾರಿನಿಂದ ತಲೆಮಾರಿಗೆ ಇಂಥವು ಕೂಡುತ್ತ ಬಂದು, 2022ರ ಸರಕಾರಿ ಲೆಕ್ಕದಲ್ಲಿ ನಡುವಿನ ಬಿಳಿ ಕುಟುಂಬದ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬದ್ದು 44,900. ‘ಇನ್ನೂ ಏನು ಬೇಕು’ ಎಂದು ಕೇಳಿದನಲ್ಲ, ಉತ್ತರದ ಒಂದು ತುಂಡು ಇದು. ಕಿಂಗ್ ಅವರಿಗೆ ಇದು ಗೊತ್ತಿತ್ತು. ಊಟದ ಅಂಗಡಿಯಲ್ಲಿ ಕೂಡುವ ಹಕ್ಕು ಬಂದರೂ ಊಟಕ್ಕೆ ಕಾಸಿಲ್ಲದಿದ್ದರೆ ಏನು ಬಂತು ಎಂದು ಅವರು ಕೇಳತೊಡಗಿದ್ದರು. 1968ರ ಫೆಬ್ರುವರಿಯಲ್ಲಿ ಮೆಂಫಿಸ್ ನಗರದಲ್ಲಿ ಕಸದ ಗಾಡಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಪೌರಕಾರ್ಮಿಕರು ಸತ್ತರು. ಸುಮಾರು 1,300 ಜನ ಕೆಲಸ ನಿಲ್ಲಿಸಿ, ನಾನೂ ಮನುಷ್ಯ ಎಂಬ ಫಲಕ ಹಿಡಿದು ಬೀದಿಗೆ ಬಂದರು. ಅವರ ಬೆನ್ನಿಗೆ ನಿಲ್ಲಲು ಹೋದ ಕಿಂಗ್ ಏಪ್ರಿಲ್ 4ರಂದು ಅದೇ ಊರಿನಲ್ಲಿ ಗುಂಡಿಗೆ ಬಲಿಯಾದರು. ಕಸ ಎತ್ತುವ ಕಾಯಕದವರಿಗಾಗಿ ಪ್ರಾಣ ಕೊಟ್ಟ ಧರ್ಮಗುರು ಎಂದು ಅವರನ್ನು ನಾವು ನೆನೆಯುತ್ತೇವೆ.

ಧರ್ಮಗುರು ಎಂದೆವು. ಇಲ್ಲಿ ನಮ್ಮಂಥ ಕಾವಿಯವರೂ ತಲೆ ತಗ್ಗಿಸಬೇಕಾದದ್ದಿದೆ. ಅಮೆರಿಕದ ಬ್ಯಾಪ್ಟಿಸ್ಟ್ ಚರ್ಚು ಗುಲಾಮಗಿರಿಯ ಪ್ರಶ್ನೆಯಲ್ಲಿ 1845ರಲ್ಲಿ ಒಡೆಯಿತು. ಗುಲಾಮಗಿರಿಯ ಪರ ನಿಂತ ದಕ್ಷಿಣದ ಪಂಗಡ ತಪ್ಪಾಯಿತೆಂದು ಕ್ಷಮೆ ಕೇಳಿದ್ದು 1995ರಲ್ಲಿ, ನೂರೈವತ್ತು ವರ್ಷದ ಮೇಲೆ. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಊರಿನ ಎಂಟು ಬಿಳಿಯ ಧರ್ಮಗುರುಗಳು, ಬೇಡಿಕೆ ಸರಿ, ಆದರೆ ಈಗ ಬೇಡ, ಬೀದಿಯಲ್ಲಿ ಬೇಡ ಎಂದು ಪತ್ರಿಕೆಗೆ ಬರೆದರು. ಕಿಂಗ್ ಜೈಲಿನಿಂದ ಉತ್ತರ ಬರೆದರು. ಮುಸುಕು ಹಾಕಿ ಬಡಿಯುವವನಿಗಿಂತ, ಗಲಾಟೆ ಬೇಡ ಎನ್ನುವ ಒಳ್ಳೆಯವನೇ ನಮಗೆ ದೊಡ್ಡ ಅಡ್ಡಿಯೇನೋ ಎಂಬುದು ಅದರ ಒಂದು ಮಾತಿನ ತಿರುಳು.

ಆ ಒಳ್ಳೆಯವರಲ್ಲಿ ನಾವೂ ಒಬ್ಬರಾಗಿದ್ದೆವು. ಇದನ್ನು ಇವತ್ತು ಹೇಳಲೇಬೇಕು. ನಮ್ಮ ಹಿರಿಯ ಗುರುಗಳ ಕಾಲ. ನಾವಿನ್ನೂ ಮರಿ. ಗಡಿಭಾಗದ ಒಂದು ಊರಿನ ಶಾಖಾಮಠದಲ್ಲಿ ದಾಸೋಹದ ಪಂಕ್ತಿ ಎರಡು ಕಡೆ: ಒಂದು ಪಡಸಾಲೆಯಲ್ಲಿ, ಇನ್ನೊಂದು ಹೊರಗೆ ಬೇವಿನ ಮರದ ಕೆಳಗೆ. ಯಾರೂ ಬರೆದಿಟ್ಟ ನಿಯಮವಲ್ಲ. ಶ್ರಾವಣದ ಒಂದು ಸೋಮವಾರ ಹೊರಗಿನ ಕೇರಿಯ ಒಬ್ಬ ಹುಡುಗ, ಸೊಲ್ಲಾಪುರದಲ್ಲಿ ಓದುತ್ತಿದ್ದವ, ಒಳಗೆ ಬಂದು ಸಾಲಿನಲ್ಲಿ ಕುಳಿತ. ಯಾರೂ ಬೈಯಲಿಲ್ಲ. ಮುಂದಿನ ಸೋಮವಾರ ಪಡಸಾಲೆ ಅರ್ಧ ಖಾಲಿ. ಮೂರನೆಯ ವಾರಕ್ಕೆ ಜೋಳದ ಚೀಲ ಬರುವುದು ನಿಂತಿತು. ಊರ ಹಿರಿಯರು ಬಂದು, “ಬುದ್ಧಿ, ಜಗಳ ಯಾಕ? ಸ್ವಲ್ಪ ದಿನ ದಾಸೋಹನ ಬಂದ್ ಮಾಡೂಣು, ಯಾರಿಗೂ ಮನಸ್ಸಿಗೆ ಹತ್ತೂದಿಲ್ಲ” ಎಂದರು. ಗುರುಗಳು ಊರಲ್ಲಿರಲಿಲ್ಲ. ನಾವು ಹೂಂ ಎಂದೆವು.

ನಾಲ್ಕು ತಿಂಗಳು ಒಲೆ ಹೊತ್ತಲಿಲ್ಲ. ಹಸಿದವರು ಬೇವಿನ ಮರದ ಕೆಳಗಿನವರಷ್ಟೇ ಅಲ್ಲ. ಪಡಸಾಲೆಯಲ್ಲಿ ಉಣ್ಣುತ್ತಿದ್ದ ದಿಕ್ಕಿಲ್ಲದ ಮುದುಕಿಯರು, ಹಳ್ಳಿಯಿಂದ ನಡೆದು ಬರುತ್ತಿದ್ದ ಶಾಲೆಯ ಹುಡುಗರು, ಅವರೂ ಹಸಿದರು. ಚೀಲ ಕಳಿಸುತ್ತಿದ್ದವರ ಮನೆಯಲ್ಲಿ ಊಟಕ್ಕೇನು ಕೊರತೆ ಇರಲಿಲ್ಲ. ಗುರುಗಳು ತಿರುಗಿ ಬಂದವರು ನಮ್ಮನ್ನು ಒಂದು ಮಾತೂ ಕೇಳದೆ ತಾವೇ ಒಲೆ ಹಚ್ಚಿದರು; ಮೊದಲ ಎಲೆ ಆ ಹುಡುಗನ ಮುಂದೆ ಹಾಕಿ, ಎರಡನೆಯದನ್ನು ಪಕ್ಕದಲ್ಲಿ ತಮಗೆ ಹಾಕಿಕೊಂಡರು. ನಮಗೆ ಬಡಿಸಲು ಹೇಳಿದರು. ಕೈ ನಡುಗುತ್ತಿತ್ತು. ಓಕ್ ಪಾರ್ಕಿನ ಕೊಳದ ಸಂಗತಿ ಓದಿದ ದಿನ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಮಣ್ಣು ಹಾಕಿದವರಲ್ಲಿ ನಮ್ಮ ಕೈಯೂ ಇತ್ತೆಂಬುದು ಆಗ ತಿಳಿಯಿತು.

ಈ ಹೋಲಿಕೆ ನಾವು ಹಚ್ಚಿದ್ದಲ್ಲ. 1946ರಲ್ಲಿ ಬಾಬಾಸಾಹೇಬ ಅಂಬೇಡ್ಕರರು ಕಪ್ಪು ಜನರ ಹಿರಿಯ ವಿದ್ವಾಂಸ ಡುಬಾಯ್ಸ್ ಅವರಿಗೆ ಪತ್ರ ಬರೆದು, ಎರಡೂ ಜನಗಳ ಸ್ಥಿತಿಯ ಸಾಮ್ಯವನ್ನು ತೋರಿಸಿದ್ದರು. 1959ರಲ್ಲಿ ಕಿಂಗ್ ಕೇರಳದ ತಿರುವನಂತಪುರದ ಒಂದು ಶಾಲೆಗೆ ಹೋದಾಗ, ಅಲ್ಲಿ ದಲಿತ ಮಕ್ಕಳೇ ಹೆಚ್ಚು, ಮುಖ್ಯಗುರುಗಳು ಅವರನ್ನು ಅಮೆರಿಕದ ಒಬ್ಬ ಅಸ್ಪೃಶ್ಯ ಬಂಧು ಎಂದು ಪರಿಚಯಿಸಿದರು. ಕಿಂಗ್ ಅವರಿಗೆ ಮೊದಲು ಚುರ್ ಎಂದಿತು. ಯೋಚಿಸಿದ ಮೇಲೆ, ಹೌದು, ನಾನೂ ಅಸ್ಪೃಶ್ಯನೇ ಎಂದು ತಮಗೆ ತಾವೇ ಹೇಳಿಕೊಂಡರಂತೆ. 1965ರಲ್ಲಿ ತಮ್ಮ ಚರ್ಚಿನ ಪ್ರವಚನದಲ್ಲಿ ಅವರೇ ಇದನ್ನು ಹೇಳಿದ್ದಾರೆ. ಮುಂಬೈಯ ತರುಣರು 1972ರಲ್ಲಿ ದಲಿತ ಪ್ಯಾಂಥರ್ ಎಂದು ಹೆಸರಿಟ್ಟುಕೊಂಡದ್ದೂ ಅಲ್ಲಿಯ ಬ್ಲ್ಯಾಕ್ ಪ್ಯಾಂಥರರನ್ನು ನೋಡಿಯೇ. ನಮ್ಮವರು ವಿಮಾನದಲ್ಲಿ ಉಪ್ಪಿನಕಾಯಿಯ ಜೊತೆ ಜಾತಿಯನ್ನೂ ಒಯ್ದರೆಂಬುದಕ್ಕೆ, 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ಹೆಸರು ಹಿಡಿದು ನಿಷೇಧಿಸಬೇಕಾಗಿ ಬಂದದ್ದೇ ಸಾಕ್ಷಿ.

ಮಾಸ್ತರರೇ, ಈ ವಾರ ಫೋನು ಬಂದಾಗ ಮಗನಿಗೆ ಬೈಯಬೇಡಿ. 1965ರ ಆ ಎರಡು ಕಾನೂನುಗಳ ತಾರೀಖು ಹೇಳಿ, ಆಗಸ್ಟ್ 6 ಮತ್ತು ಅಕ್ಟೋಬರ್ 3. ಅವನು ಇಂಜಿನಿಯರ್, ಲೆಕ್ಕ ಬರುತ್ತದೆ. ಮತ್ತೆ ಮುಂದಿನ ಶ್ರಾವಣಕ್ಕೆ ರಜೆಯ ಮೇಲೆ ಬಂದರೆ ಇಲ್ಲಿಗೆ ಕರೆದುಕೊಂಡು ಬನ್ನಿ. ಅಂದು ಒಳಗೆ ಬಂದು ಕುಳಿತಿದ್ದ ಆ ಹುಡುಗ ಈಗ ಮುದುಕರಾಗಿದ್ದಾರೆ, ಸೋಮವಾರ ತಪ್ಪದೆ ಬರುತ್ತಾರೆ. ಅವರ ಪಕ್ಕದಲ್ಲಿ ಎಲೆ ಹಾಕಿಸುತ್ತೇವೆ.